ಜಗಳಕ್ಕೆ ಸಾಕಾಗುವಷ್ಟು ಭಾಷೆ

ವೇದಿಕೆಯ ಮೇಲಿರುವ ಮಾನ್ಯ ಕುಲಪತಿಗಳೇ, ವಿದ್ಯಾರ್ಥಿ ವಿನಿಮಯ ವಿಭಾಗದ ನಿರ್ದೇಶಕರೇ, ಭಾಷಾ ವಿಭಾಗದ ಮೇಡಂ ಅವರೇ, ಮುಂದಿನ ವಾರ ವಿಮಾನ ಹತ್ತಲಿರುವ ಮಕ್ಕಳೇ, ಅವರಿಗಿಂತ ಹೆಚ್ಚು ಗಾಬರಿಯಲ್ಲಿರುವ ತಂದೆತಾಯಿಗಳೇ, ಮತ್ತು ಚಹಾ ಯಾವಾಗ ಬರುತ್ತದೆ ಎಂದು ಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ಪೋಷಕರ ಪರವಾಗಿ ಯಾರಾದರೂ ಒಬ್ಬರು ಮಾತಾಡಬೇಕು ಎಂದಾಗ ಉಳಿದ ಪೋಷಕರೆಲ್ಲ ಒಕ್ಕೊರಲಿನಿಂದ ನನ್ನನ್ನು ಮುಂದೆ ತಳ್ಳಿದರು. ಕಾರಣ ಇಷ್ಟೇ. ನಾನು ರೈಲು ನಿಲ್ದಾಣದಲ್ಲಿ ಪ್ರಕಟಣೆ ಓದುವವಳು. ಮೈಕು ನನಗೆ ಹೊಸದಲ್ಲ. ಆದರೆ ನನ್ನ ಮೈಕು ಇರುವುದು ಒಂದು ಚಿಕ್ಕ ಕೋಣೆಯಲ್ಲಿ. ಅಲ್ಲಿ ಒಂದು ಕುರ್ಚಿ, ಒಂದು ಫ್ಯಾನು ಮತ್ತು ಅರ್ಧ ಪರದೆ ಎಳೆದ ಗಾಜಿನ ಕಿಟಕಿ. ಕೇಳುವವರ ಮುಖ ನನಗೆ ಕಾಣುವುದಿಲ್ಲ, ನನ್ನದು ಅವರಿಗೆ ಕಾಣುವುದಿಲ್ಲ. ಇಬ್ಬರಿಗೂ ಅದರಿಂದ ಒಳ್ಳೆಯದೇ ಆಗಿದೆ. ಇವತ್ತು ನಿಮ್ಮ ಮುಖಗಳೆಲ್ಲ ಕಾಣುತ್ತಿವೆ. ದಯವಿಟ್ಟು ಸ್ವಲ್ಪ ನಗುಮುಖದಲ್ಲಿರಿ. ದಯವಿಟ್ಟು ಸ್ವಲ್ಪ ನಗುಮುಖದಲ್ಲಿರಿ. ಕ್ಷಮಿಸಿ, ಎಲ್ಲವನ್ನೂ ಎರಡು ಸಲ ಹೇಳುವುದು ಕೆಲಸದ ಅಭ್ಯಾಸ.

ನನ್ನ ಮಗಳು ಮೊದಲ ಸಾಲಿನಲ್ಲಿ ಕೂತಿದ್ದಾಳೆ. ಮನೆಯಲ್ಲಿ ಅವಳನ್ನು ವಕೀಲೆ ಎಂದು ಕರೆಯುತ್ತೇವೆ. ಓದುತ್ತಿರುವುದು ಕಾನೂನಲ್ಲ, ಮಣ್ಣಿನ ವಿಜ್ಞಾನ. ಮಣ್ಣು ತಿರುಗಿ ಮಾತಾಡುವುದಿಲ್ಲ ಎಂಬುದೊಂದೇ ಆ ವಿಷಯದಲ್ಲಿ ಅವಳಿಗಿರುವ ಬೇಸರ. ಮೂರನೆಯ ತರಗತಿಯಲ್ಲಿದ್ದಾಗ, ಬದನೆಕಾಯಿಯನ್ನು ತಾನು ಯಾಕೆ ತಿನ್ನಬಾರದು ಎಂಬುದಕ್ಕೆ ಇವಳು ಕೊಟ್ಟ ಕಾರಣಗಳನ್ನು ಕೇಳಿ, ಆ ತರಕಾರಿ ಇಷ್ಟವಿದ್ದ ಅವಳ ತಂದೆಯೂ ಒಂದು ವರ್ಷ ಅದನ್ನು ಬಿಟ್ಟಿದ್ದರು. ಇಂದು ನಾನು ಹೇಳುವ ಸಂಗತಿಗೆ ಅವಳ ಅನುಮತಿ ಪಡೆದಿದ್ದೇನೆ. ಪೂರ್ತಿಗೆ ಅಲ್ಲ, ಅರ್ಧಕ್ಕೆ. ಯಾವ ಅರ್ಧ ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಇವಳು ಆಯ್ಕೆಯಾದ ಸುದ್ದಿ ಬಂದ ದಿನ ನಮ್ಮ ಮನೆಯವರು ಒಂದು ಕಾನೂನು ತಂದರು. ನಮ್ಮ ಮನೆಯವರ ಕೆಲಸ ಕಟ್ಟುಹಲ್ಲು ಮಾಡುವುದು. ದಂತವೈದ್ಯರು ಅಳತೆ ತೆಗೆದು ಕಳಿಸುತ್ತಾರೆ, ಇವರು ಕೂತು ಹಲ್ಲಿನ ಸೆಟ್ಟು ಮಾಡಿ ಕೊಡುತ್ತಾರೆ. ಊರಿನ ಅರ್ಧ ಹಿರಿಯರು ನಗುವುದು ಇವರ ದಯೆಯಿಂದ. ಕೂದಲೆಳೆಯಷ್ಟು ಎತ್ತರ ಹೆಚ್ಚಾದರೂ ಇವರಿಗೆ ನಿದ್ದೆ ಬರುವುದಿಲ್ಲ. ಅಂಥವರು ಮಾಡಿದ ಕಾನೂನು ಹೇಗಿರಬೇಡ! ಊಟದ ಮೇಜಿಗೆ ಕೂತ ಮೇಲೆ ಯಾರೂ ನಮ್ಮ ಭಾಷೆಯಲ್ಲಿ ಮಾತಾಡುವಂತಿಲ್ಲ, ಆ ದೇಶದ ಭಾಷೆಯಲ್ಲೇ ಮಾತಾಡಬೇಕು. ತಪ್ಪಿದವರು ಆ ದಿನದ ಪಾತ್ರೆ ತೊಳೆಯಬೇಕು.

ನಮ್ಮ ಅತ್ತೆಯವರು ಮಾತ್ರ ಮೊದಲ ದಿನವೇ ಇದರಿಂದ ಹೊರಗುಳಿದರು. "ಹಲ್ಲು ನೀನು ಮಾಡಿಕೊಟ್ಟಿದ್ದು ಹೌದಪ್ಪಾ, ನಾಲಿಗೆ ಇನ್ನೂ ನಂದೇ ಇದೆ," ಎಂದರು ಮಗನಿಗೆ. ಹೀಗಾಗಿ ನಮ್ಮ ಮೇಜಿನಲ್ಲಿ ಸ್ವತಂತ್ರವಾಗಿ ಮಾತಾಡುವವರು ಅವರೊಬ್ಬರೇ ಆದರು. ಇಷ್ಟು ವರ್ಷ ಯಾರೂ ಪೂರ್ತಿ ಕೇಳದ ಅವರ ಮಂಡಿನೋವಿನ ಚರಿತ್ರೆಯನ್ನು ನಾವು ಮೂವರೂ ಬಾಯಿ ಮುಚ್ಚಿಕೊಂಡು ಮೊದಲಿನಿಂದ ಕೊನೆಯವರೆಗೆ ಕೇಳಿದೆವು.

ಪಾಠ ಕಲಿಯಲು ನಮ್ಮ ಬಳಿ ಮೇಡಂ ಅವರು ಕೊಟ್ಟ ಪುಸ್ತಕವಿತ್ತು. ಅದರ ಪ್ರಕಾರ ಆ ದೇಶದಲ್ಲಿ ಜನರು ಅಂಗಡಿಗೆ ಹೋಗುತ್ತಾರೆ, ವೈದ್ಯರ ಬಳಿ ಹೋಗುತ್ತಾರೆ, ಹವಾಮಾನವನ್ನು ಹೊಗಳುತ್ತಾರೆ, ಮತ್ತೆ ಅಂಗಡಿಗೆ ಹೋಗುತ್ತಾರೆ. ನಾವೂ ಹಾಗೇ ಬದುಕಿದೆವು. "ಈ ಉಪ್ಪು ನಿಮ್ಮದೇ?" "ಹೌದು, ಈ ಉಪ್ಪು ನನ್ನದು. ಧನ್ಯವಾದ." "ಇವರು ನನ್ನ ತಂದೆ. ಇವರು ಎತ್ತರವಾಗಿದ್ದಾರೆ." ನಮ್ಮ ಮನೆಯವರನ್ನು ನೀವೆಲ್ಲ ಬಾಗಿಲಲ್ಲಿ ನೋಡಿದ್ದೀರಿ. ಪುಸ್ತಕದಲ್ಲಿ ಕುಳ್ಳಗಿನ ತಂದೆಗೆ ವಾಕ್ಯವಿರಲಿಲ್ಲ. ಉಚ್ಚಾರಣೆಯ ಹೊಣೆ ಅವರದೇ. ಪ್ಲಾಸ್ಟರಿನ ಒಂದು ಜೊತೆ ದವಡೆಯನ್ನು ತಟ್ಟೆಯ ಪಕ್ಕದಲ್ಲಿಟ್ಟುಕೊಂಡು, ಯಾವ ಶಬ್ದಕ್ಕೆ ನಾಲಿಗೆ ಯಾವ ಹಲ್ಲಿನ ಹಿಂದೆ ಹೋಗಬೇಕು ಎಂದು ಚಮಚದಲ್ಲಿ ತೋರಿಸುತ್ತಿದ್ದರು. ಅತ್ತೆಯವರು ಆ ದವಡೆಯ ಮೇಲೆ ಕರವಸ್ತ್ರ ಹೊದಿಸಿ ಊಟ ಮಾಡುತ್ತಿದ್ದರು.

ಹೀಗೆ ಎಲ್ಲವೂ ಸೊಗಸಾಗಿ ನಡೆದಿತ್ತು. ಒಂದು ವಿಷಯ ಮಾತ್ರ ನಾವು ಯಾರೂ ಗಮನಿಸಲಿಲ್ಲ. ವಕೀಲೆ ವಾದ ಮಾಡುವುದನ್ನೇ ನಿಲ್ಲಿಸಿದ್ದಳು. ಊಟದ ಮೇಜಿನಲ್ಲಿ ಮಾತ್ರವಲ್ಲ, ಎದ್ದ ಮೇಲೂ. ನಾವು ಅದನ್ನು ಏಕಾಗ್ರತೆ ಎಂದುಕೊಂಡೆವು. ಹೆತ್ತವರಿಗೆ ಬೇಕಾದ ಹೆಸರು ಯಾವಾಗಲೂ ಕೈಗೆ ಸಿಗುವಂತೆಯೇ ಇರುತ್ತದೆ, ಅಲ್ಲವೇ?

ಹೋಗುತ್ತೇನೆ ಎಂದು ವಿಶ್ವವಿದ್ಯಾಲಯಕ್ಕೆ ಒಪ್ಪಿಗೆ ತಿಳಿಸಬೇಕಾದ ಗಡುವು ಹತ್ತಿರ ಬರುತ್ತಿತ್ತು. ತಿಳಿಸದಿದ್ದರೆ ಆ ಜಾಗ ಮುಂದಿನವರಿಗೆ. ಒಂದು ಭಾನುವಾರ ಊಟಕ್ಕೆ ಕೂತಿದ್ದೆವು. ಅವತ್ತಿನ ಪಾಠ, ಮನಸ್ಸಿನ ಭಾವನೆಗಳು. ನಾನು, "ನನಗೆ ಸಂತೋಷವಾಗಿದೆ, ಏಕೆಂದರೆ ಹವೆ ಚೆನ್ನಾಗಿದೆ," ಎಂದೆ. ನಮ್ಮ ಮನೆಯವರು, "ನನಗೆ ಹಸಿವಾಗಿದೆ, ಏಕೆಂದರೆ ನಾನು ಕೆಲಸ ಮಾಡಿದೆ," ಎಂದರು. ಮಗಳ ಸರದಿ ಬಂತು. ಅವಳು ತಟ್ಟೆ ನೋಡುತ್ತ ಆ ಭಾಷೆಯಲ್ಲಿ ನಿಧಾನವಾಗಿ ಹೇಳಿದಳು: "ನಾನು ಹೋಗಲು ಬಯಸುವುದಿಲ್ಲ, ಏಕೆಂದರೆ ನನಗೆ ಭಯವಾಗಿದೆ."

ಸಭಿಕರೇ, ನಾವು ಏನು ಮಾಡಿದೆವು ಗೊತ್ತೇ? ಚಪ್ಪಾಳೆ ತಟ್ಟಿದೆವು.

ಎಂಥ ವಾಕ್ಯ! ಒಂದೂ ತಪ್ಪಿಲ್ಲ. ನಮ್ಮ ಮನೆಯವರಂತೂ ಎದ್ದು ನಿಂತು, ಅವಳ ನಾಲಿಗೆ ಸರಿಯಾದ ಹಲ್ಲಿನ ಹಿಂದೆಯೇ ಹೋಯಿತೆಂದು ಆ ಭಾಷೆಯಲ್ಲೇ ಹೇಳಲು ಹೋಗಿ, ಹಲ್ಲು ಎಂಬ ಪದ ಸಿಗದೆ ತಮ್ಮ ಹಲ್ಲನ್ನೇ ತೋರಿಸಿದರು. ನಾನು, "ಬಹಳ ಚೆನ್ನಾಗಿದೆ, ಇನ್ನೊಮ್ಮೆ ಹೇಳಿ," ಎಂದೆ. ಅದೂ ಪುಸ್ತಕದ ವಾಕ್ಯವೇ. ಅವಳು ಇನ್ನೊಮ್ಮೆ ಹೇಳಿದಳು. ನಾವು ಇನ್ನೊಮ್ಮೆ ಚಪ್ಪಾಳೆ ತಟ್ಟಿದೆವು. ಅತ್ತೆಯವರು ಮಾತ್ರ, "ಏನಂತೆ ಅವಳದ್ದು? ಉಪ್ಪು ಜಾಸ್ತಿಯಾಯ್ತಂತಾ?" ಎಂದು ನನ್ನನ್ನು ಒಂದು ಥರ ನೋಡಿದರು. ಪಾತ್ರೆ ತೊಳೆಯುವ ಹೆದರಿಕೆಗೆ ನಾನು ಉತ್ತರ ಕೊಡಲಿಲ್ಲ.

ಮರುದಿನ ಕೆಲಸದಲ್ಲಿದ್ದೆ. ಉತ್ತರದಿಂದ ಬರುವ ಗಾಡಿ ತಡವಾಗಿತ್ತು. "ಪ್ರಯಾಣಿಕರಿಗೆ ಆಗಿರುವ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ," ಎಂದು ಎರಡು ಸಲ ಓದಿದೆ. ಕಿಟಕಿಯ ಕೆಳಗೆ ಪೆಟ್ಟಿಗೆಯ ಮೇಲೆ ಕೂತಿದ್ದ ಒಬ್ಬ ಮನುಷ್ಯ ನನ್ನ ದನಿಯನ್ನೇ ಅನುಕರಿಸಿ ಹೆಂಡತಿಗೆ ಹೇಳಿದ: "ವಿಷಾದಿಸುತ್ತಾಳಂತೆ! ಒಳಗೆ ಕೂತು ಕಡಲೆಕಾಯಿ ತಿಂತಿರ್ತಾಳೆ ನೋಡು." ಕಡಲೆಕಾಯಿಯ ವಿಷಯ ನಿಜವಿತ್ತು. ಆದರೆ ಸಭಿಕರೇ, ಆ ವಿಷಾದವೂ ನಿಜವಿತ್ತು. ಆ ಗಾಡಿಗಾಗಿ ಬೆಳಗಿನಿಂದ ಕಾಯುತ್ತಿದ್ದ ಬಸುರಿಯೊಬ್ಬಳನ್ನು ಪರದೆ ಸರಿಸಿ ಎಷ್ಟೋ ಸಲ ನೋಡಿದ್ದೆ. ಆದರೆ ಆ ಮಾತನ್ನು ನಾನು ದಿನವೂ ಅದೇ ದನಿಯಲ್ಲಿ ಹೇಳುತ್ತೇನಲ್ಲ, ಯಾರು ನಂಬುತ್ತಾರೆ? ನಿಜವನ್ನೂ ಪಾಠದ ಹಾಗೆ ಒಪ್ಪಿಸಿದರೆ ಯಾರು ನಂಬುತ್ತಾರೆ? ಇಷ್ಟು ಯೋಚಿಸುವಷ್ಟರಲ್ಲಿ ಹಿಂದಿನ ದಿನದ ಊಟದ ಮೇಜು ಕಣ್ಣಮುಂದೆ ಬಂತು. ಆಮೇಲಿನ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಓದಿದೆನೋ ನೆನಪಿಲ್ಲ. ನಿಲ್ದಾಣದ ಅಧಿಕಾರಿಗಳಿಗೆ ನೆನಪಿದೆ.

ಮನೆಗೆ ಬಂದಾಗ ಅವಳು ತನ್ನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಬಾಗಿಲಲ್ಲೇ ನಿಂತು ಕೇಳಿದೆ.

"ನಿನ್ನೆ ಹೇಳಿದ್ದು ಪಾಠನಾ, ನಿಜಾನಾ?"

"ಎರಡು ಸಲ ಹೇಳಿದೆನಲ್ಲಮ್ಮಾ."

"ನಮ್ಮ ಭಾಷೇಲೇ ಹೇಳಬಾರದಿತ್ತಾ?"

"ನಮ್ಮ ಭಾಷೇಲಿ ಹೇಳಿದ್ರೆ ನಾನೇ ವಾದ ಮಾಡಿ ನನ್ನನ್ನೇ ಸೋಲಿಸಿಬಿಡ್ತಿದ್ದೆ. ಆ ಭಾಷೇಲಿ ನಂಗೆ ಅಷ್ಟೇ ಬರೋದು. ಅದಕ್ಕೇ ಹೇಳೋಕಾಯ್ತು."

ಆಗ ನಾನು, "ಹಾಗಾದ್ರೆ ಹೋಗಬೇಡ ಬಿಡು, ಇಲ್ಲೇ ಏನು ಕಮ್ಮಿಯಾಗಿದೆ," ಎಂದೆ. ಬಹಳ ಬೇಗ ಎಂದುಬಿಟ್ಟೆ. ಅವಳು ಮಡಿಸುತ್ತಿದ್ದ ಅಂಗಿಯನ್ನು ಹಾಗೇ ಹಿಡಿದುಕೊಂಡು ನನ್ನನ್ನೇ ನೋಡಿದಳು.

"ಅಮ್ಮಾ, ಇಷ್ಟು ಬೇಗ ಒಪ್ಕೊಂಡ್ರೆ ಹೇಗೆ? ಸ್ವಲ್ಪನಾದ್ರೂ ವಾದ ಮಾಡು."

ಇದು ಅನುಮತಿಯಿಲ್ಲದ ಅರ್ಧವಿರಬೇಕು, ಅವಳು ಅಲ್ಲಿಂದ ಬೇಡವೆಂದು ತಲೆ ಆಡಿಸುತ್ತಿದ್ದಾಳೆ. ಇರಲಿ, ಬಂದದ್ದು ಬಂತು.

ಭಯ ಯಾವುದರದ್ದು ಎಂದು ಕೇಳಿದೆ. ಚಳಿಯೇ? ಅಲ್ಲ. ಒಂಟಿತನವೇ? ಅಲ್ಲ. ನಾವು ನೆನಪಾಗುತ್ತೇವೆಂದೇ? "ನೀವು ನೆನಪಾಗಬಾರದು ಅಂದ್ರೂ ಆಗ್ತೀರಿ, ಅದಲ್ಲ," ಎಂದಳು. ಆಮೇಲೆ ಹೇಳಿದಳು: "ಅಲ್ಲಿ ನಂಗೆ ಜಗಳ ಆಡೋಕೆ ಬರಲ್ಲಮ್ಮಾ. ಯಾರಾದ್ರೂ ತಪ್ಪು ಹೇಳಿದ್ರೆ, ಹವೆ ಚೆನ್ನಾಗಿದೆ, ಧನ್ಯವಾದ, ಅಂತ ಹೇಳಿ ಬರಬೇಕು. ಎಲ್ಲರೂ ನನ್ನನ್ನ ತುಂಬಾ ಒಳ್ಳೇ ಹುಡುಗಿ ಅಂದ್ಕೋತಾರೆ. ಅವಳು ಯಾರೋ ಬೇರೆಯವಳು."

ನಾನು ನಕ್ಕೆ. ಅವಳು ನಗಲಿಲ್ಲ. ಆಗ ನನಗೆ ಅರ್ಥವಾಯಿತು, ಇದು ನಗುವ ವಿಷಯವಲ್ಲವೆಂದು. ನಮ್ಮ ಮಕ್ಕಳನ್ನು ಕಳಿಸುವಾಗ ಸ್ವೆಟರು ಇಟ್ಟೆಯಾ, ಮಾತ್ರೆ ಇಟ್ಟೆಯಾ ಎಂದು ನೂರು ಸಲ ಕೇಳುತ್ತೇವೆ. ನಿನ್ನನ್ನು ಇಟ್ಟುಕೊಂಡೆಯಾ ಎಂದು ಯಾರಾದರೂ ಕೇಳುತ್ತೇವೆಯೇ?

ಮರುದಿನ ಅವಳು ಇಲ್ಲೇ ಕೂತಿರುವ ಮೇಡಂ ಅವರ ಬಳಿ ಹೋಗಿ, ಜಗಳವಾಡಲು ಬೇಕಾದ ಮಾತುಗಳನ್ನು ಕಲಿಸಿ ಎಂದಳು. ಮೇಡಂ ಮೊದಲು ಗಾಬರಿಯಾದರಂತೆ. ಆಮೇಲೆ ಬಾಗಿಲು ಹಾಕಿಕೊಂಡು ಬಹಳ ಉತ್ಸಾಹದಿಂದ ಕಲಿಸಿದರಂತೆ. "ನನ್ನ ಮಾತು ಇನ್ನೂ ಮುಗಿದಿಲ್ಲ." "ಅದು ನಾನು ಹೇಳಿದ್ದಲ್ಲ." "ನೀವು ವಿಷಯ ಬದಲಿಸುತ್ತಿದ್ದೀರಿ." ಮೇಡಂ, ನೀವು ಆ ದೇಶದಲ್ಲಿದ್ದ ಎರಡು ವರ್ಷ ಯಾರ ಜೊತೆ ಇದ್ದಿರಿ ಎಂದು ನಾನು ಈ ಸಭೆಯಲ್ಲಿ ಕೇಳುವುದಿಲ್ಲ.

ಅಂದಿನಿಂದ ನಮ್ಮ ಮೇಜಿನಿಂದ ಅಂಗಡಿಯೂ ಹೋಯಿತು, ವೈದ್ಯರೂ ಹೋದರು. ದಿನಕ್ಕೊಂದು ಜಗಳ. ಮೊದಮೊದಲು ಅವಳೇ ಸೋಲುತ್ತಿದ್ದಳು. ಪದ ಸಿಗದೆ ಮುಷ್ಟಿ ಬಿಗಿಹಿಡಿದು ಕೂರುತ್ತಿದ್ದಳು. ಗಡುವಿಗೆ ಇನ್ನೇನು ಎರಡು ದಿನವಿದ್ದಾಗಲೂ ಹೋಗುತ್ತೇನೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ನಾವು ಕೇಳಲಿಲ್ಲ. ಕೇಳದೆ ಇರುವುದು ಎಷ್ಟು ದೊಡ್ಡ ಕೆಲಸ ಎಂಬುದು ಇಲ್ಲಿರುವ ತಾಯಂದಿರಿಗೆ ಗೊತ್ತು.

ಆ ದಿನದ ಜಗಳ ಸೂಟ್‌ಕೇಸಿನದು. ನಮ್ಮ ಮನೆಯ ಹಳೆಯ ಸೂಟ್‌ಕೇಸಿಗೆ ಒಂದು ಚಕ್ರ ಮುರಿದಿತ್ತು. ನಮ್ಮ ಮನೆಯವರು ಹೊಸ ಚಕ್ರವನ್ನು ತಾವೇ ಎರಕ ಹೊಯ್ದು ತಂದಿದ್ದರು. ಯಾವುದರಿಂದ? ಅವರ ಕೈಯಲ್ಲಿ ಇರುವುದು ಯಾವುದೋ ಅದರಿಂದ. ಗುಲಾಬಿ ಬಣ್ಣದ, ಹೊಳೆಯುವ, ಥೇಟು ಒಸಡಿನಂಥ ಚಕ್ರ.

"ಇದು ಬಹಳ ಬಲವಾಗಿದೆ," ಎಂದರು ತಂದೆ, ಆ ಭಾಷೆಯಲ್ಲಿ.

"ಬಲವಾಗಿದೆ ಎಂದು ಒಪ್ಪುತ್ತೇನೆ," ಎಂದಳು ಮಗಳು. "ಆದರೆ ಅದು ನನ್ನನ್ನು ನೋಡಿ ನಗುತ್ತಿದೆ."

"ಚಕ್ರ ನಗುವುದಿಲ್ಲ."

"ನನ್ನ ಮಾತು ಇನ್ನೂ ಮುಗಿದಿಲ್ಲ. ಉಳಿದ ಮೂರು ಚಕ್ರ ಕಪ್ಪು. ಇದೊಂದೇ ಗುಲಾಬಿ. ಎಲ್ಲರೂ ಕೇಳುತ್ತಾರೆ. ಆಗ ನಾನು ನಿಮ್ಮ ಬಗ್ಗೆ ಹೇಳಬೇಕಾಗುತ್ತದೆ. ದಿನವೂ ಹೇಳಬೇಕಾಗುತ್ತದೆ. ನಾನು ಅಲ್ಲಿ ಮಣ್ಣು ಓದುವುದು ಯಾವಾಗ?"

ನಮ್ಮ ಮನೆಯವರು ನಮ್ಮ ಭಾಷೆಯಲ್ಲಿ, "ಅಯ್ಯೋ ನಿನ್ನ!" ಎಂದರು. ಅತ್ತೆಯವರು, "ಹೂಂ, ಏಳು, ಪಾತ್ರೆ ತೊಳಿ," ಎಂದರು. ಭಾಷೆ ಬಾರದಿದ್ದರೂ ಯಾರು ಗೆದ್ದರೆಂದು ಅವರಿಗೆ ತಿಳಿದಿತ್ತು.

ಇವರು ತೊಳೆಯುತ್ತಿದ್ದರು. ಅವಳು ಪಕ್ಕದಲ್ಲಿ ನಿಂತು ಒರೆಸಿಡುತ್ತಿದ್ದಳು. ನಾನು ಮೇಜು ಒರೆಸುತ್ತಿದ್ದೆ. ನಲ್ಲಿಯ ಸದ್ದಿನ ನಡುವೆ ಅವಳು ಹೇಳಿದ್ದು ಕೇಳಿಸಿತು. "ಅಪ್ಪಾ, ನಾನು ಹೋಗ್ತೀನಿ."

ಆ ಕ್ಷಣ ನನಗೆ ಬಹಳ ಸಂತೋಷವಾಯಿತು ಎಂದು ಈ ಸಭೆಯಲ್ಲಿ ಹೇಳಬೇಕು. ಹೇಳಿದ್ದೇನೆ. ಒರೆಸಿದ್ದ ಮೇಜನ್ನು ನಾನು ಮತ್ತೆ ಒರೆಸಿದೆ ಎಂಬುದನ್ನು ಹೇಳಬೇಕಾಗಿಲ್ಲ.

ಹೊರಟು ನಿಂತ ಮಕ್ಕಳೇ, ಕಷ್ಟಪಟ್ಟು ಓದಿ ಎಂದು ನಿರ್ದೇಶಕರು ಆಗಲೇ ಹೇಳಿದ್ದಾರೆ. ನಾನು ಹೇಳುವುದು ಇಷ್ಟೇ. ಅಲ್ಲಿ ಯಾರಾದರೂ ತಪ್ಪು ಹೇಳಿದರೆ ಸುಮ್ಮನಿರಬೇಡಿ. ಪದ ಸಿಗದಿದ್ದರೆ ಎದುರಿನವರನ್ನು ಕಾಯಿಸಿ. ನಿಮ್ಮ ಮಾತು ಮುಗಿಯುವವರೆಗೆ ಅವರು ಕಾಯಲಿ.

ನನ್ನ ಮಾತು ಮುಗಿಯಬೇಕೆಂದು ಮಾತ್ರ ಮೊದಲ ಸಾಲಿನಿಂದ ಸನ್ನೆ ಬರುತ್ತಿದೆ. ಅವಳು ಬರೀ ತುಟಿಯಾಡಿಸಿ ನನಗೇನೋ ಹೇಳುತ್ತಿದ್ದಾಳೆ. ಆ ದೇಶದ ಭಾಷೆಯಲ್ಲಿ. ಇಲ್ಲ, ಇದು ಪುಸ್ತಕದಲ್ಲಿಲ್ಲ. ನಮ್ಮ ಮೇಜಿನಲ್ಲೂ ಇದನ್ನು ಕೇಳಿಲ್ಲ. ಇನ್ನೊಮ್ಮೆ ಹೇಳು... ಇನ್ನೊಮ್ಮೆ ಹೇಳಿದಳು. ಮೇಡಂ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಾರೆ. ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ.

ಸರಿ ಹಾಗಾದರೆ. ಇನ್ನು ಇವಳನ್ನು ಕಳಿಸಬಹುದು.

ಇಷ್ಟು ಹೊತ್ತು ಚಹಾ ತಡವಾದರೂ ಮುಖ ಗಂಟಿಕ್ಕದೆ ಕೂತ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.