ಹನ್ನೆರಡನೆಯ ಬಟ್ಟೆ

ಅಧ್ಯಕ್ಷರಾದ ಸತ್ಯಮೂರ್ತಿಯವರೇ, ವೇದಿಕೆಯ ಮೇಲಿರುವ ಡಾಕ್ಟರ್ ಕೇಶವಮೂರ್ತಿಯವರೇ, ಮುಂಬಯಿ ಕನ್ನಡ ಸಂಘದ ಸಭಿಕರೇ,

ನಾನು ಪಂಕಜಾ. ಹೈಸ್ಕೂಲು ಮುಗಿಸಿ ನರ್ಸಿಂಗ್ ಕಲಿತವಳು. ಬಾಂದ್ರಾದ ಒಂದು ನರ್ಸಿಂಗ್ ಹೋಮಿನ ಆಪರೇಷನ್ ಥಿಯೇಟರನ್ನು ಇಪ್ಪತ್ತೊಂಬತ್ತು ವರ್ಷ ನಡೆಸಿದ್ದೇನೆ. ಮೂವರು ಸೊಸೆಯಂದಿರ ಅತ್ತೆ. ನಾನು ಒಳಗೆ ಬಂದರೆ ಮನೆಯಲ್ಲಿ ರೇಡಿಯೊ ನಿಲ್ಲುತ್ತದೆ, ಥಿಯೇಟರಿನಲ್ಲಿ ಮಾತು ನಿಲ್ಲುತ್ತದೆ. ಅದನ್ನೇ ಶಿಸ್ತು ಎಂದು ತಿಳಿದಿದ್ದೆ. ಈಗ ಸನ್ಮಾನ ಮಾಡುತ್ತ ಅಧ್ಯಕ್ಷರು ಹೊಗಳಿದ್ದೂ ಅದನ್ನೇ.

ಕಳೆದ ತಿಂಗಳು ನಮ್ಮ ಸರ್ಜನ್ ಕೇಶವಮೂರ್ತಿಯವರು ನಮಗೊಂದು ತಾಲೀಮು ಇಟ್ಟರು. "ಪೈಲಟ್‌ಗಳು ನೆಲದ ಮೇಲೇ ಸುಳ್ಳು ವಿಮಾನ ಹಾರಿಸಿ ಕಲೀತಾರೆ ಸಿಸ್ಟರ್, ನಾವೂ ಒಟ್ಟಿಗೆ ಕಲಿಯೋಣ" ಎಂದರು. "ಈ ವಯಸ್ಸಿಗೆ ನನಗೆ ಗೊಂಬೆಯಾಟವೇ?" ಎಂದೆ. ಹತ್ತಿ ತುಂಬಿದ ಗೋಣಿಚೀಲವೇ ರೋಗಿ. ಆಪರೇಷನ್ ಆದ ಮೇಲೆ ಚಹಾ ಕೇಳದ ರೋಗಿಯನ್ನು ನಾನು ಕಂಡದ್ದು ಅವನೊಬ್ಬನನ್ನೇ.

ರಕ್ತ ಒರೆಸುವ ಬಟ್ಟೆ ಹನ್ನೆರಡು ಒಳಗೆ ಹೋದರೆ ಹನ್ನೆರಡೂ ಹೊರಗೆ ಬರಬೇಕು; ಒಂದು ಒಳಗುಳಿದರೂ ಕೀವಾಗಿ ಪ್ರಾಣಕ್ಕೆ ಅಪಾಯ. ಆಯಾ ಭಾಗವ್ವ ಎಣಿಸಿ ಹೇಳಬೇಕು, ನಾನು ಕೇಳಬೇಕು. ನಾನು ಯಾವತ್ತು ಕೇಳಿದ್ದೆ? ಅವತ್ತೂ ಅವಳು ಬಾಯಿ ತೆರೆಯುವ ಮೊದಲೇ "ಹನ್ನೆರಡು, ಸರಿ" ಎಂದೆ. ಗೋಣಿ ಹೊಲಿದಾಯಿತು. ಡಾಕ್ಟರು ಹೊಲಿಗೆ ಬಿಚ್ಚಿ, ತಾವೇ ಅಡಗಿಸಿಟ್ಟಿದ್ದ ಬಟ್ಟೆಯನ್ನು ಹೊರಗೆಳೆದರು.

"ಹನ್ನೊಂದೇ ಇದೆ ಅಂತ ಹೇಳೋಕೆ ನಿನಗೇನು ಬಾಯಿಲ್ವೇನೇ?" ಎಂದು ಭಾಗವ್ವನನ್ನು ಗದರಿದೆ.

"ನೀವು ಸರಿ ಅಂದ ಮ್ಯಾಲೆ ನಾ ಹ್ಯಾಂಗ ಅಲ್ಲ ಅನ್ಲಿ, ಬಾಯಾರ? ಚಂದ್ರವ್ವನ ಆಪರೇಷನ್ ಆದ ದಿವ್ಸಾನೂ ಹನ್ನೊಂದ ಇದ್ವು ರೀ."

ಚಂದ್ರವ್ವ ಪವಾಯಿಯಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದವಳು. ಹೋದ ವರ್ಷ ನಮ್ಮಲ್ಲಿ ಹೊಟ್ಟೆಯ ಆಪರೇಷನ್ ಆಗಿ, ಮೂರನೆಯ ವಾರ ಜ್ವರದಲ್ಲಿ ಸತ್ತಳು. ಗಾಯ ಶುಚಿಯಾಗಿಡಲಿಲ್ಲವೆಂದು ಅವಳ ಗಂಡ ರಾಮಪ್ಪನನ್ನು ಎಲ್ಲರೆದುರು ಬೈದವಳು ನಾನು. ಅವನು ಕೈಮುಗಿದು ಹೋಗಿದ್ದ.

ಸಭಿಕರೇ, ಇಪ್ಪತ್ತೊಂಬತ್ತು ವರ್ಷಗಳಲ್ಲಿ ಇನ್ನೆಷ್ಟು ಚಂದ್ರವ್ವಂದಿರು? ಯಾರನ್ನು ಕೇಳಲಿ? ಯಾರೂ ಹೇಳಲಾರರು. ಹೇಳದಂತೆ ಕಲಿಸಿದವಳೇ ನಾನು.

ಮೊನ್ನೆ ಪವಾಯಿಗೆ ಹೋಗಿ ರಾಮಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವನು ಸಿಮೆಂಟಿನ ಖಾಲಿ ಚೀಲ ಹಾಸಿ, "ಕುಂದರ್ರಿ, ಬಾಯಾರ" ಎಂದ. ತಾನು ಎದುರಿಗೆ ನೆಲದ ಮೇಲೆ ಕೂತು, "ದಿನಾ ಬಿಸಿನೀರು ಕಾಸಿ ಒರಸ್ತಿದ್ದೆ ರೀ. ಆದ್ರೂ ನನ್ನ ತಪ್ಪ ಇರಬೇಕಂತ ತಿಳಿದಿದ್ದೆ" ಎಂದ.

ಅಧ್ಯಕ್ಷರೇ, ಈ ಸನ್ಮಾನ ನನಗೆ ಸಲ್ಲದು. ಚಂದ್ರವ್ವನ ಆಪರೇಷನ್ನಿನಲ್ಲಿ ಎಣಿಸದೆ ಹನ್ನೆರಡು ಎಂದವಳು ನಾನೇ ಎಂದು ಬರೆದು, ಸಹಿ ಮಾಡಿ, ಈ ಮಧ್ಯಾಹ್ನ ಪೊಲೀಸ್ ಠಾಣೆಯಲ್ಲಿ ಕೊಟ್ಟು ಇಲ್ಲಿಗೆ ಬಂದಿದ್ದೇನೆ. ನಡುವೆ ಎದ್ದುಹೋಗದೆ ಕೇಳಿದ್ದಕ್ಕೆ ನಿಮಗೆಲ್ಲ ಕೃತಜ್ಞಳು. ನಮಸ್ಕಾರ.