ಗಾಜಿನ ಕಪಾಟಿನ ಹಾಲುಪಾತ್ರೆ

ನಮ್ಮ ಮಾರ್ಸಾಬಿಟ್ ಊರಿನ ಈ ಪುಟ್ಟ ವಸ್ತುಸಂಗ್ರಹಾಲಯದ ಅಧ್ಯಕ್ಷರಾದ ಗಲ್ಗಲೋ ಅವರೇ, ವೇದಿಕೆಯ ಹಿರಿಯರೇ, ಮುಂದಿನ ಸಾಲಿನಿಂದ ನನ್ನನ್ನೇ ದುರುಗುಟ್ಟಿ ನೋಡುತ್ತಿರುವ ನನ್ನ ಅವ್ವನೇ, ಸಭಿಕರೇ,

ವಾರ್ಷಿಕೋತ್ಸವದಲ್ಲಿ 'ಆರ್ಟಿಫ್ಯಾಕ್ಟ್' ಎಂಬ ಪದದ ಬಗ್ಗೆ ಮಾತನಾಡಿ ಎಂದಿದ್ದಾರೆ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಆಯುಷ್ಯ ಸವೆಸಿದವಳಿಗೆ ಪದಗಳ ಗೊಡವೆ ಯಾಕೆ? ಈ ಪದ ನನಗೆ ಹಳೆಯ ಪರಿಚಯ, ಅದಕ್ಕೆ. ಸೂಕ್ಷ್ಮದರ್ಶಕದಲ್ಲಿ ರೋಗಾಣುವಿನಂತೆ ಏನೋ ಕಾಣುತ್ತದೆ. ಸರಿಯಾಗಿ ನೋಡಿದರೆ ನಾವೇ ಹಾಕಿದ ಬಣ್ಣದ ಕಣ. ರೋಗಿಯದಲ್ಲ, ನಮ್ಮ ಕೈಯ ಪ್ರತಾಪ! ಅದಕ್ಕೂ ಇದೇ ಹೆಸರು. ಅಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಇಲ್ಲಿ ಕೈಯಿಂದ ಮಾಡಿದ ಹಳೆಯ ವಸ್ತುವನ್ನು ಹಾಗೆ ಕರೆದು ಗಾಜಿನೊಳಗಿಟ್ಟು ಬೀಗ ಹಾಕುತ್ತಾರೆ. ಮೂಲ ಲ್ಯಾಟಿನ್. ಕೌಶಲದಿಂದ ಮಾಡಿದ್ದು ಎಂದರ್ಥ. ಯಾರ ಕೌಶಲ? ಯಾರು ಮಾಡಿದ್ದು? ಅದನ್ನು ಪದ ಹೇಳುವುದಿಲ್ಲ, ನಾವು ಹೇಳಬೇಕು.

ಬಾಗಿಲ ಬಳಿಯ ಕಪಾಟಿನಲ್ಲಿರುವ ಗೊರ್ಫಾ ನೋಡಿದಿರಲ್ಲ? ಅವ್ವ ನನ್ನ ಮದುವೆಗೆಂದು ಬೇರಿನ ನಾರಿನಲ್ಲಿ ಹೆಣೆದ ಹಾಲಿನ ಪಾತ್ರೆ ಅದು. ಹೋದ ವರ್ಷ ನಾನೇ ಹೆಮ್ಮೆಯಿಂದ ಇಲ್ಲಿಗೆ ಕೊಟ್ಟೆ. ಹೊಗೆ ವಾಸನೆ ಹೊಡೆಯುತ್ತದೆಂದು ಇಲ್ಲೊಬ್ಬರು ಅದನ್ನು ಸಾಬೂನು ಹಾಕಿ ತೊಳೆದರು. ಹೆಸರು ಹೇಳುವುದಿಲ್ಲ, ಪಾಪ, ಆಗಲೇ ತಲೆ ತಗ್ಗಿಸಿದ್ದಾರೆ. ದನ ಸಾಕಿ ಬದುಕುವ ನಮ್ಮ ಬೊರಾನರಲ್ಲಿ ಹುಟ್ಟಿ ಗೊರ್ಫಾಕ್ಕೆ ಸಾಬೂನೇ? ಉರಿಯುವ ಕೊಳ್ಳಿಯನ್ನು ಒಳಗಾಡಿಸಿ ಹೊಗೆ ಕೊಡದಿದ್ದರೆ ಹಾಲು ಕೆಡದೆ ನಿಲ್ಲುವುದಾದರೂ ಹೇಗೆ?

ನನ್ನ ಮಗಳು ದರ್ಮಿಗೆ ಮುಂದಿನ ವಾರ ಮದುವೆ. ಮೊಮ್ಮಗಳಿಗೆ ಒಂದು ಗೊರ್ಫಾ ಕೊಟ್ಟು ಕಳಿಸಬೇಕೆಂಬುದು ಅವ್ವನ ಆಸೆ. ಹೊಸದು ಹೆಣೆಯಲು ಅವಳ ಬೆರಳುಗಳು ಈಗ ಬಾಗುವುದಿಲ್ಲ. ಹಳೆಯದನ್ನು ನೋಡಲು ಮೊನ್ನೆ ಇಲ್ಲಿಗೆ ಬಂದು ಗಾಜಿಗೆ ಮೂಗು ಒತ್ತಿ ನಿಂತಳು.

"ಅಯ್ಯೋ, ಬಾಯೆಲ್ಲ ಒಣಗಿಹೋಗಿದೆಯಲ್ಲೇ! ಯಾರೂ ಹೊಗೆ ಹಾಕ್ತಿಲ್ವಾ?"

"ಅವ್ವ, ಅದೀಗ ಮ್ಯೂಸಿಯಂ ಸಾಮಾನು. ಮುಟ್ಟೋ ಹಾಗಿಲ್ಲ."

"ಮಾಡಿದೋಳು ನಾನು. ಇನ್ನೂ ಬದುಕಿದೀನಿ ಕಣೇ. ನನ್ನನ್ನೂ ಒಳಗೆ ಕೂರಿಸಿ ಬೀಗ ಹಾಕ್ತೀರೇನು?"

ನನಗೆ ನಗು ಬಂತು. ಮನೆಗೆ ಹೋದ ಮೇಲೆ ಅಳು ಬಂತು.

ಅಧ್ಯಕ್ಷರೇ, ಒಳಗೆ ಬಂದ ವಸ್ತು ಹೊರಗೆ ಹೋಗುವಂತಿಲ್ಲ ಎಂಬ ನಿಯಮ ನನಗೂ ಗೊತ್ತು. ಆದರೂ ಕೇಳುತ್ತೇನೆ. ಮದುವೆಗೆ ಅದನ್ನು ಕೊಡಿ. ಇಲ್ಲೇ ಹೊರಗೆ ಅಂಗಳದಲ್ಲಿ ಕೆಂಡ ಸಿದ್ಧವಿದೆ. ಅವ್ವ ತನ್ನ ಕೈಯಾರೆ ಹೊಗೆ ಹಾಕಲಿ, ತೊಳೆದವರು ಪಕ್ಕದಲ್ಲೇ ಕೂತು ಕಲಿಯಲಿ. ಮದುವೆ ಮುಗಿದ ಮೇಲೆ ದರ್ಮಿಯೇ ತಂದು ಒಪ್ಪಿಸುತ್ತಾಳೆ. ಆಮೇಲೆ ಅದರ ಆರೈಕೆ ನಮ್ಮ ಹೆಂಗಸರದು. ಒಪ್ಪಿಗೆಯೇ?

ಅಧ್ಯಕ್ಷರು ಜೇಬು ತಡಕಾಡುತ್ತಿದ್ದಾರೆ... ಬೀಗದ ಕೈ! ಅವ್ವ, ಸ್ವಲ್ಪ ತಾಳು, ವಂದನೆ ಹೇಳೋದು ಬಾಕಿ ಇದೆ. ಇಲ್ಲ, ಆಗಲೇ ಕಪಾಟಿನ ಕಡೆ ಹೊರಟಳು. ಕೋಲನ್ನೂ ಕುರ್ಚಿಯಲ್ಲೇ ಬಿಟ್ಟಿದ್ದಾಳೆ.

ಕರೆದವರಿಗೆ, ಸಹಿಸಿಕೊಂಡವರಿಗೆ ಕೃತಜ್ಞತೆಗಳು. ದಾರಿ ಬಿಡಿ, ಮಾಡಿದವಳು ಬರುತ್ತಿದ್ದಾಳೆ. ನಮಸ್ಕಾರ.