ಬತ್ತೀನಿ ಅಂದೋರು

ಆಂಧ್ರದ ಹಿಂದೂಪುರದಿಂದ ಪರಿಗಿಯ ಕಡೆ ಹೋಗುವ ದಾರಿಯಲ್ಲಿ, ಕೆರೆ ಏರಿಯ ಕೆಳಗೆ ನೇಕಾರರ ಒಂದು ಸಣ್ಣ ಊರು. ಅವತ್ತು ಸಂಜೆ ಮಳೆ ಹೊಡೆದ ಹೊಡೆತಕ್ಕೆ ಕರೆಂಟು ಹೋಗಿ, ಬೀದಿಯ ಪವರ್‌ಲೂಮ್‌ಗಳೆಲ್ಲ ಒಮ್ಮೆಗೇ ಬಾಯಿ ಮುಚ್ಚಿದವು. ಮಗ್ಗದ ಸದ್ದಿಲ್ಲದಿದ್ದರೆ ಆ ಜನಕ್ಕೆ ಕೂತಲ್ಲಿ ಕೂರಲಾಗುವುದಿಲ್ಲ. ಮನೆಯವರೆಲ್ಲ ನಡುಮನೆಗೆ ಬಂದು ಅಜ್ಜಿ ಬನಶಂಕರಮ್ಮನ ಸುತ್ತ ಸೇರಿದರು.

ಮೊಮ್ಮಗಳು ಕಲ್ಪನಾ ವೇಲ್ಸ್ ಸೀಮೆಯ ಕಡಲ ತೀರದ ಒಂದು ಜಿಲ್ಲೆಯಲ್ಲಿ ನರ್ಸು. ರಜೆಗೆ ಬಂದಿದ್ದಳು. ಅಲ್ಲಿನ ಹಳ್ಳಿಯವರಿಗೆ ಇಂಗ್ಲಿಷಲ್ಲದ ತಮ್ಮದೇ ಮಾತೊಂದಿದೆ, ವೆಲ್ಷ್. ಮುದುಕರು ಅದನ್ನು ಮಕ್ಕಳ ಬಾಯಲ್ಲಿ ಉಳಿಸಲು ಪಡುವ ಪಾಡು ನೋಡಿ ಇವಳಿಗೂ ಹಟ ಹುಟ್ಟಿತ್ತು: ಐದು ವರ್ಷದ ಮಗಳು ಬನಶ್ರೀ ಕನ್ನಡವನ್ನೇ ಆಡಬೇಕು. ಊರಿಗೆ ಬಂದರೆ ಇಲ್ಲಿ ಅವಳ ತಮ್ಮ ಆನಂದಕುಮಾರನ ಮಕ್ಕಳು ಮನೆಯೊಳಗೂ ಆಡುವುದು ತೆಲುಗೇ! ಅದಕ್ಕವನನ್ನು ಚೆನ್ನಾಗಿ ಬೈದೂ ಆಗಿತ್ತು.

ಮಳೆ ಶುರುವಾದಾಗ ಬನಶ್ರೀ ಜಗಲಿಯಿಂದ ಓಡಿಬಂದು, "ಅಮ್ಮಾ, ತಾತ ಕರೆದ್ರು. ಬತ್ತೀನಿ ನಡಿ ಅಂದೆ" ಎಂದಿದ್ದಳು. ಥೇಟ್ ಊರಿನವರ ಹಾಗೆ! ಎಲ್ಲರೂ ಚಪ್ಪಾಳೆ ತಟ್ಟಿದರು. ಕಲ್ಪನಾಳಿಗಂತೂ ಹಿಗ್ಗೋ ಹಿಗ್ಗು. ಅಜ್ಜಿ ಮಾತ್ರ ನಗಲಿಲ್ಲ.

ಈಗ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಕಲ್ಪನಾ ಅಲ್ಲಿನ ತನ್ನ ಮನೆ ಮುಂದಿನ ಕಡಲಿನ ಸುದ್ದಿ ಹೇಳುತ್ತಿದ್ದಳು. ನೀರು ಇಳಿದಾಗ ಮರಳಿನಲ್ಲಿ ಹಳೆಯ ಕಾಡಿನ ಬುಡಗಳು ಕಾಣುತ್ತವಂತೆ. ಅಲ್ಲೊಂದು ನಾಡೇ ಮುಳುಗಿದೆ, ನೀರೊಳಗಿಂದ ಗಂಟೆ ಕೇಳಿಸುತ್ತದೆ ಅನ್ನುತ್ತಾರಂತೆ.

"ಗಂಟೆ ಆದ್ರೆ ವಾಸಿ ಕಣಮ್ಮ," ಅಂದಳು ಅಜ್ಜಿ. "ಗಂಟೆ ಹೆಸರಿಡಿದು ಕರೆಯಾಕಿಲ್ವಲ್ಲ."

"ಶುರುವಾಯ್ತು. ಇನ್ನು ಕರೆಂಟು ಬಂದ್ರೂ ನಿಲ್ಲಲ್ಲ," ಅಂದ ಆನಂದಕುಮಾರ್.

"ಬಾಯ್ಮುಚ್ಕಂಡು ಬಾಗ್ಲು ಹಾಕ್ಲಾ. ಚಿಲಕಾನೂ ಹಾಕು... ಕೇಳ್ರಪ್ಪಾ. ನಮ್ಮ ಹಳೇ ಊರು ಕೆರೆ ತೂಬಿನ ಮುಂದೇನೇ ಇತ್ತು, ಈಗ ಜಾಲಿ ಬೆಳೆದೈತಲ್ಲ, ಅಲ್ಲಿ. ಕೆರೆಗೆ ಒಬ್ಬ ನೀರುಗಂಟಿ ಇದ್ದ, ಪೋತಪ್ಪ ಅಂತ. ತೂಬು ಎತ್ತಾದು, ಗದ್ದೆಗೆ ನೀರು ಬಿಡಾದು, ಏರಿ ಕಾಯಾದು, ಎಲ್ಲಾ ಅವನೇ. ಒಂದ್ಸಲ ಹಿಂಗೇ ಮಳೆ ಹಿಡ್ಕಂತು... ಏರಿ ಒಂದ್ಕಡೆ ಬಾಯಿ ಬಿಡ್ತಾ ಇರಾದು ನೋಡ್ಬುಟ್ಟ. ಓಡ್ಬಂದು ಒಂದೊಂದು ಮನೆ ಮುಂದೂ ನಿಂತು, ಹೆಸರಿಡಿದು ಕೂಗ್ದ, ಏರಿ ಮ್ಯಾಕೆ ಬರ್ರೋ, ನೀರು ಬತ್ತೈತೆ ಅಂತ. ನಮ್ಮೋರು ಎದ್ರಾ? ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟೋರು ಎಲ್ಲಿ ಏಳ್ತಾರೆ? ಇನ್ನೊಂದು ಮೊಳ ನೇಯ್ದು ಹೋದ್ರಾಯ್ತು ಅಂತ ಕುಂತ್ರು. 'ಬತ್ತೀನಿ ನಡಿ ಪೋತಪ್ಪ' ಅಂದ್ರು... ಒಳಗಿಂದಾನೇ. ಎಲ್ಲಾ ಮನೇಲೂ ಅದೇ ಮಾತು. ಅವನು ನಂಬ್ಬುಟ್ಟ ಕಣ್ರಪ್ಪ! ಹೋಗಿ ಏರಿ ಮ್ಯಾಲೆ ನಿಂತ, ಬತ್ತಾರೆ ಬತ್ತಾರೆ ಅಂತ. ಯಾರು ಬಂದ್ರು?... ಏರಿ ಹೋಯ್ತು. ಸಂತೆಗೆ ಹೋಗಿದ್ದ ನಾಕು ಮನೆಯೋರು ಬಿಟ್ಟು ಊರೇ ಹೋಯ್ತು. ಕಾಯ್ತಾ ನಿಂತಿದ್ದೋನೂ ಹೋದ."

ಮಳೆ ಜೋರಾಯಿತು. ಕಲ್ಪನಾಳಿಗೆ ಬೆನ್ನ ಹಿಂದಿನ ಬಾಗಿಲನ್ನು ತಿರುಗಿ ನೋಡಬೇಕೆನ್ನಿಸಿತು, ನೋಡಲು ಧೈರ್ಯ ಬರಲಿಲ್ಲ.

"ಅವನು ಯಾರನ್ನೂ ಹೆದರ್ಸಾಕಿಲ್ಲ. ಮಳೇಲಿ ಬಂದು ಕರೀತಾನೆ, ಅಷ್ಟೇಯ. ಸುಮ್ನಿದ್ರೆ ಮುಂದಿನ ಮನೆಗೆ ಹೋಯ್ತಾನೆ. ಬತ್ತೀನಿ ಅಂದ್ರೋ... ಕಾಯ್ತಾನೆ. ನಮ್ಮಕ್ಕ ದ್ರಾಕ್ಷಾಯಣಮ್ಮ ಅಂದ್ಬುಟ್ಲು. ಕೆಲವು ವರ್ಷ ಏನೂ ಆಗ್ಲಿಲ್ಲ, ನಾವೂ ಮರೆತ್ವಿ. ಆಮ್ಯಾಕೆ ಒಂದಿನ ಕೊಡ ಎತ್ಕಂಡು ಏರಿ ಹತ್ತಿದ್ಲು... ಕೊಡ ಮಾತ್ರ ಸಿಕ್ತು. ಅವನಿಗೆ ಕನ್ನಡ ಬಿಟ್ರೆ ಬೇರೆ ಬರಾಕಿಲ್ಲ. ಬತ್ತೀನಿ ಅನ್ನಾದನ್ನ ತೆಲುಗಲ್ಲಿ 'ವಸ್ತುನ್ನಾ' ಅಂದ್ರೆ ತಿಳೀದೆ ಹೊಂಟೋಯ್ತಾನೆ. ಅದಕ್ಕೇ ಕಣಮ್ಮ ಈ ಬೀದಿ ಮಕ್ಕಳಿಗೆ ಮೊದಲು ತೆಲುಗು ಕಲಿಸಾದು. ಸುಮ್ನೆ ನಿನ್ನ ತಮ್ಮನ್ನ ಬೈದೆ."

ಕಲ್ಪನಾ ಮಗುವನ್ನು ಬಿಗಿಯಾಗಿ ಅವುಚಿಕೊಂಡಳು. "ಅಜ್ಜಿ, ಸಾಯಂಕಾಲ ಇವಳನ್ನ ಕರೆದಿದ್ದು ಪಕ್ಕದ ಮನೆಯೋರು ಯಾರೋ ಇರ್ಬೇಕು, ಅಲ್ವಾ?"

"ಈ ಬೀದೀಲಿ ತಾತ ಅನ್ನೋ ಗಂಡಸು ಯಾರವ್ರಮ್ಮ? ನಿಮ್ಮ ತಾತ, ನಿಮ್ಮಪ್ಪ ಇಬ್ರೂ ಹೋದ ಮ್ಯಾಲೆ ವಯಸ್ಸಾದೋಳು ನಾನೊಬ್ಳೇ."

ಆನಂದಕುಮಾರ್ ಎದ್ದು ಹೋಗಿ ಚಿಲಕ ಮತ್ತೊಮ್ಮೆ ನೋಡಿ ಬಂದ.

"ನಾವು ಬರೋ ವಾರ ಹೊರಟೇ ಹೋಗ್ತೀವಿ," ಅಂದಳು ಕಲ್ಪನಾ. "ಅಷ್ಟು ದೂರ..."

"ಅಲ್ಲೂ ಮನೆ ಮುಂದೆ ನೀರೇ ಅಂದ್ಯಲ್ಲಮ್ಮ."

ಹೊರಗೆ, ಮಳೆಯ ಸದ್ದಿನ ನಡುವೆ, ಯಾರೋ ಹೆಸರು ಹಿಡಿದು ಕರೆದ ಹಾಗಾಯಿತು. ಮಡಿಲಲ್ಲಿದ್ದ ಬನಶ್ರೀ ಕಣ್ಣುಬಿಟ್ಟು ಎದ್ದು ಕೂತಳು. "ತಾತ!" ಎನ್ನುತ್ತಿದ್ದಂತೆ ಕಲ್ಪನಾ ಅವಳ ಬಾಯಿ ಮುಚ್ಚಿದಳು. ಹುಟ್ಟಿದಾಗಿನಿಂದ ಮಗಳ ಜೊತೆ ಕನ್ನಡ ಬಿಟ್ಟು ಬೇರೆ ಆಡದಿದ್ದವಳು ಮಾತಾಡಬೇಡ ಎಂದು ತೆಲುಗಿನಲ್ಲಿ ಪಿಸುಗುಟ್ಟಿದಳು: "ಮಾಟ್ಲಾಡಕು... ಮಾಟ್ಲಾಡಕು."

ಅಜ್ಜಿ ಬಾಗಿಲ ಕಡೆ ನೋಡಿದಳು.

"ಈಗ ಯಾಕಮ್ಮ ಮಗೀನ ಬಾಯಿ ಮುಚ್ತೀಯ?" ಅಂದಳು. "ಬತ್ತೀನಿ ಅಂದಾಗೈತಲ್ಲ... ಅವನು ಕಾಯ್ತಾ ಅವ್ನೆ."